ಕೊಂಡ ಹಾಯ್ದ ಕಾಲು

ಫೆಬ್ರವರಿ 24, ಸೋಮವಾರ

ಫ್ರೀ ಥ್ರೋ ಇವತ್ತೂ ಕೈ ಕೊಟ್ಟಿತು. ಮುನೇಶ್ ಸಾರ್ ಹಿಂದೆ ನಿಂತು "ಮೊಣಕೈ ನೋಡ್ಕೊಳಪ್ಪ, ಮೊಣಕೈ" ಅನ್ನುತ್ತಲೇ ಇದ್ದರು. ಕಾಲೇಜಿನ ಪಿ.ಟಿ. ಮೇಷ್ಟ್ರು. ಸ್ವತಃ ವಾಲಿಬಾಲ್ ಆಡಿದವರು, ಬ್ಯಾಸ್ಕೆಟ್‌ಬಾಲ್ ಮೊಬೈಲ್ ನೋಡಿ ಕಲಿತದ್ದು. ಆದರೂ ಇಡೀ ಕನಕಪುರದಲ್ಲಿ ನನಗಿರುವ ಕೋಚ್ ಅವರೊಬ್ಬರೇ. ಕೋರ್ಟೂ ಒಂದೇ. ಸಿಮೆಂಟು ಕಿತ್ತು ಜಲ್ಲಿ ಎದ್ದಿದೆ, ಒಂದು ಕಡೆ ರಿಂಗಿಗೆ ಬಲೆ ಇಲ್ಲ.

ಮಧ್ಯಾಹ್ನ ಸಾರ್ ಫೋನ್ ಹಿಡಿದುಕೊಂಡು ಕ್ಲಾಸಿನ ಬಾಗಿಲಿಗೇ ಬಂದರು. ಯೂನಿವರ್ಸಿಟಿ ಕ್ಯಾಂಪಿನ ಲಿಸ್ಟ್ ಬಂದಿದೆ. ನನ್ನ ಹೆಸರಿದೆ. ಬಿ. ಅನಂತರಾಜು. ಎರಡು ಸಲ ಓದಿಸಿದೆ. ಡಿಸೆಂಬರಿನಲ್ಲಿ ಆಗಬೇಕಿದ್ದ ಸೌತ್ ಜೋನ್ ಟೂರ್ನಮೆಂಟು ಮುಂದಕ್ಕೆ ಹೋಗಿದ್ದು ನನ್ನ ಪುಣ್ಯ — ಆಗ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಬಿದ್ದಿದ್ದೆ. ಕ್ಯಾಂಪು ಮಾರ್ಚ್ 10ರಿಂದ ಬೆಂಗಳೂರಲ್ಲಿ. ಹದಿನೆಂಟು ಜನ ಹೋಗುತ್ತೇವೆ, ಹನ್ನೆರಡು ಜನ ಟೀಮು. 20ಕ್ಕೆ ಫೈನಲ್ ಸೆಲೆಕ್ಷನ್.

ಟೀಮಿಗೆ ಬಿದ್ದರೆ ಸರ್ಟಿಫಿಕೇಟು. ಸರ್ಟಿಫಿಕೇಟಿದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಟ್ರಯಲ್ಸಿಗೆ ಅರ್ಜಿ. ಡಿಗ್ರಿ ಈ ವರ್ಷಕ್ಕೆ ಮುಗಿಯಿತು, ಆಮೇಲೆ ಯಾವ ಟೀಮೂ ನನ್ನನ್ನು ಕರೆಯುವುದಿಲ್ಲ. ಅಂದರೆ ಇದೊಂದೇ. ತಪ್ಪಿದರೆ ಹಾರೋಹಳ್ಳಿ ಫ್ಯಾಕ್ಟರಿ, ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸುವುದು.

ಮನೆಗೆ ಬಂದು ಹೇಳಿದೆ. ಅವ್ವ "ಅಲ್ಲಿ ಹೊಟ್ಟೆಗೆ ಏನ್ ಕೊಡ್ತಾರಪ್ಪ?" ಅಂದಳು. ಅಪ್ಪ ಎಡಗಾಲಿನ ಪಟ್ಟಿ ಬಿಚ್ಚಿ ಗಾಳಿಗಿಟ್ಟುಕೊಂಡು ಜಗುಲಿ ಮೇಲೆ ಕೂತಿದ್ದ. ಹೋದ ವರ್ಷ ಊರಮ್ಮ ಬಿಸಿಲಮ್ಮನ ಹಬ್ಬ ಆದಮೇಲೆ ಜಾಲಿ ಮುಳ್ಳು ತುಳಿದದ್ದು, ಶುಗರ್ ಇರುವುದರಿಂದ ಇನ್ನೂ ಮಾಯುತ್ತಿಲ್ಲ. "ಮಾರ್ಚ್‌ನಾಗಾ?" ಅಂದ. ಅಷ್ಟೇ. ಖುಷಿಯೋ ಬೇಜಾರೋ ಆ ಮುಖದಲ್ಲಿ ಯಾವತ್ತೂ ಗೊತ್ತಾಗುವುದಿಲ್ಲ.

ಮಾರ್ಚ್ 4, ಮಂಗಳವಾರ

ಸಂಜೆ ತಮಟೆ ಬಂತು. ಬಿಸಿಲಮ್ಮನ ಹಬ್ಬಕ್ಕೆ ಬೀದಿ ಬೀದಿಯಲ್ಲಿ ಸಾರಿದರು. 18ಕ್ಕೆ ಕೊಂಡ, ಕೆಂಡ ಹಾಯುವುದು.

ಸಾರಿದ ಮೇಲೆ ಮುಗಿಯಿತು. ಕೊಂಡ ಆಗುವವರೆಗೆ ಊರಿನಲ್ಲಿ ಒಗ್ಗರಣೆ ಇಲ್ಲ, ಕೋಳಿ ಇಲ್ಲ. ಹಗಲು ಎಲ್ಲಿ ಬೇಕಾದರೂ ತಿರುಗಿ ಬಾ, ರಾತ್ರಿ ಮಾತ್ರ ಊರಿನ ಎಲ್ಲೆಯೊಳಗೇ ಮಲಗಬೇಕು. ಇದು ಎಲ್ಲರಿಗೂ. ಕಳಸ ಹೊತ್ತು ಮೊದಲು ಕೆಂಡಕ್ಕೆ ಕಾಲಿಡುವವನಿಗೆ ಇನ್ನೂ ಇದೆ. ಒಂದು ವಾರ ಮೊದಲು ಕೈಗೆ ಕಂಕಣ ಕಟ್ಟುತ್ತಾರೆ. ಅಲ್ಲಿಂದ ಕಾಲಿಗೆ ಏನೂ ಮೆಟ್ಟುವಂತಿಲ್ಲ, ಮೊಟ್ಟೆ ಮಾಂಸ ಮುಟ್ಟುವಂತಿಲ್ಲ. ನೇಮ ತಪ್ಪಿದವನಿಗೆ ಕೊಂಡ ಸುಡುತ್ತದೆ. ತಪ್ಪದವನಿಗೆ ಕೆಂಡವೂ ಹೂವು. ಆ ಹಕ್ಕು ನಮ್ಮ ಮನೆಯದು. ಮೊದಲು ತಾತ, ಆಮೇಲೆ ಅಪ್ಪ. ಅಪ್ಪನಿಗೆ ಒಂದು ಸಲವೂ ಬೊಬ್ಬೆ ಎದ್ದಿಲ್ಲ ಅಂತ ಹುಟ್ಟಿದಾಗಿನಿಂದ ಕೇಳಿದ್ದೇನೆ.

ಪುಟ್ಟಬೋರಯ್ಯ ಬಂದ. ನಮ್ಮ ದಾಯಾದಿ, ಪಕ್ಕದ ಮನೆ. ಗೋಡೆ ಒಂದೇ, ಮಾತು ಕಮ್ಮಿ. "ಬೋರಲಿಂಗಣ್ಣ, ಈ ಕಾಲಿಟ್ಕಂಡು ನಿನ್ ಕೈಲಾಗಾಕಿಲ್ಲ. ನಮ್ ಸಿದ್ದರಾಜು ಹಾಯ್ತಾನೆ ಬುಡು" ಅಂದ. ಸಿದ್ದರಾಜು ಅವನ ಮಗ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಪೊಲೀಸ್ ಫಿಸಿಕಲ್ಲಿಗೆ ಅಂತ ದಿನಾ ಬೆಳಿಗ್ಗೆ ಕೋಡಿಹಳ್ಳಿ ರೋಡಲ್ಲಿ ಓಡುತ್ತಾನೆ.

ಅಪ್ಪ ತಲೆ ಎತ್ತದೆ "ನನ್ ಮಗ ಹಾಯ್ತಾನೆ" ಅಂದ.

ನನಗೆ ಗೊತ್ತಾಗಿದ್ದು ಹೀಗೆ.

ಪುಟ್ಟಬೋರಯ್ಯ ಹೋದ ಮೇಲೆ ಕೇಳಿದೆ. "ಅಪ್ಪ, ನಂದು ಕ್ಯಾಂಪೈತಲ್ಲ."

"ಹಗ್ಲೊತ್ತು ತಾನೆ ಆಡಾದು? ರಾತ್ರಿಗೆ ಬಂದ್ಬುಡು."

"ಇಪ್ಪತ್ತಕ್ಕೆ ಸೆಲೆಕ್ಷನ್. ಕಾಲು ಸುಟ್ರೆ?"

"ಯಾಕ್ಲಾ ಸುಡ್ತದೆ? ನೇಮವಾಗಿದ್ರೆ ಏನೂ ಆಗಾಕಿಲ್ಲ." ಆಮೇಲೆ ಒಸಿ ಮೆತ್ತಗೆ, "ಕಳಸ ಒಂದ್ ಸಲ ನಮ್ಮೊಸ್ಲು ದಾಟ್ತು ಅಂದ್ರೆ ವಾಪಸ್ ಬರಾಕಿಲ್ಲ ಕಣ್ಲಾ."

ಆಗಲ್ಲ ಅನ್ನಬೇಕಿತ್ತು. ಆ ಪಟ್ಟಿ ಬಿಚ್ಚಿದ ಕಾಲು ನೋಡಿಕೊಂಡು ಅನ್ನಲಾಗಲಿಲ್ಲ. ಸಿಟ್ಟು ಬಂತು. ಉಂಡೆ. ಬಸ್ಸಾರಿಗೆ ಒಗ್ಗರಣೆ ಇಲ್ಲದೆ ಹಸಿ ಹಸಿ.

ಮಾರ್ಚ್ 10, ಸೋಮವಾರ

ಕ್ಯಾಂಪು. ಮರದ ಹಾಸಿನ ಕೋರ್ಟು. ಜೀವಮಾನದಲ್ಲಿ ಮೊದಲ ಸಲ ಮರದ ಮೇಲೆ ಆಡಿದೆ. ಚೆಂಡು ಕೈಗೆ ತಾನಾಗಿಯೇ ವಾಪಸ್ ಬರುತ್ತದೆ. ನೆಗೆದರೆ ನೆಲವೇ ಮೇಲಕ್ಕೆ ತಳ್ಳುತ್ತದೆ. ರೀಬೌಂಡ್ ಒಂದನ್ನೂ ಬಿಡಲಿಲ್ಲ. ಕೋಚ್ ನನ್ನ ಹೆಸರು ಕೇಳಲಿಲ್ಲ, "ಏ ಕನಕಪುರ" ಅಂತ ಕರೆದರು. ಎರಡನೇ ಸಲ ಕರೆದಾಗ ದನಿಯಲ್ಲಿ ಮೆಚ್ಚುಗೆ ಇತ್ತು. ನನಗೆ ಹಾಗನ್ನಿಸಿತು.

ರಾಮನಗರದ ಮತೀನ್ ನನ್ನ ಪಕ್ಕದ ಮಂಚ. ಅವರಪ್ಪನದು ರೇಷ್ಮೆ ಫಿಲೇಚರ್, ಬಿಸಿನೀರಲ್ಲಿ ಗೂಡು ಹಾಕಿ ನೂಲು ಬಿಚ್ಚುವ ಕೆಲಸ. ಅವನಿಗೆ ರಂಜಾನಿನ ರೋಜಾ, ಉಪವಾಸ. ನೀರೂ ಕುಡಿಯದೆ ಓಡುತ್ತಾನೆ.

ಮಂಚ ಸುಮ್ಮನೆ ಕೊಟ್ಟಿದ್ದಾರೆ. ನಾನು ರಾತ್ರಿ ಊರಿಗೆ ಹೊರಟೆ. ಬೆಂಗಳೂರು, ಕನಕಪುರ, ಕೋಡಿಹಳ್ಳಿಯ ಕೊನೆ ಬಸ್ಸು. ಅಲ್ಲಿಂದ ಸಿದ್ದರಾಜು ಬೈಕಲ್ಲಿ ಕರೆತಂದ. "ಅಣ್ಣ, ರೈಲ್ವೇಲಿ ಆದ್ರೆ ನಂಗೂ ಒಂದ್ ಮಾತು ಹೇಳು" ಅಂದ. ನಗು ಬಂತು.

ಮಾರ್ಚ್ 11, ಮಂಗಳವಾರ

ಕಂಕಣ ಕಟ್ಟಿದರು. ಅರಿಶಿನದ ದಾರ, ಬೇರು. ಅಪ್ಪ ನನ್ನ ಚಪ್ಪಲಿ ತೆಗೆದು ಅಟ್ಟದ ಮೇಲಿಟ್ಟ. ಶೂಸು ಬ್ಯಾಗಿನಲ್ಲಿತ್ತು. ಅದನ್ನು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ.

ಮಾರ್ಚ್ 12, ಬುಧವಾರ

ಬರಿಗಾಲಲ್ಲಿ ಆಡಿದೆ. ಭಕ್ತಿ ಅನ್ನಲೋ ಭಯ ಅನ್ನಲೋ. ಬೆಳಿಗ್ಗೆ ಒಳಗಿನ ಕೋರ್ಟ್ ಬೇರೆಯವರಿಗೆ ಕೊಟ್ಟಿದ್ದರು, ಹೊರಗೆ ಸಿಮೆಂಟಿನ ಮೇಲೆ ಡ್ರಿಲ್ಸು. ಬಿಸಿಲು ಏರುತ್ತಿದ್ದ ಹಾಗೆ ಅಂಗಾಲು ಚುರ್ರ್ ಅನ್ನತೊಡಗಿತು. ಕೋಚ್ ನೋಡಿದರು.

"ಕನಕಪುರ, ಶೂಸ್ ಎಲ್ಲಿ?"

"ಹಬ್ಬ ಸಾರ್... ನಮ್ಮೂರಲ್ಲಿ..."

"ಶೂಸ್ ಹಾಕು. ಇಲ್ಲಾಂದ್ರೆ ಬ್ಯಾಗ್ ತಗೊ."

ಹಾಕಿದೆ. ಅಷ್ಟರಲ್ಲಿ ಬಲಗಾಲಿನ ಅಡಿಯಲ್ಲಿ ಹೆಬ್ಬೆರಳಿನ ಕೆಳಗೆ ನೀರುಗುಳ್ಳೆ ಎದ್ದು ಒಡೆದಿತ್ತು. ಕೋರ್ಟಿನ ಒಳಗೆ ಮಾತ್ರ ಶೂಸು, ಗೆರೆ ದಾಟಿದರೆ ಬರಿಗಾಲು ಅಂತ ಬಿಸಿಲಮ್ಮನ ಹತ್ತಿರ ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡೆ. ಅವಳು ಒಪ್ಪಿದಳೋ ಇಲ್ಲವೋ ಯಾರನ್ನು ಕೇಳಲಿ.

ಮಾರ್ಚ್ 13, ಗುರುವಾರ

ಬಸ್ಸಿನಲ್ಲೇ ಜೀವನ. ಬೆಳಿಗ್ಗೆಯ ಮೊದಲ ಸೆಷನ್ ದಿನಾ ತಪ್ಪುತ್ತಿದೆ. ಇವತ್ತು ಕೋಚ್ ಎಲ್ಲರೆದುರು ಕೇಳಿದರು — ಕ್ಯಾಂಪ್ ಅಂದ್ರೆ ಏನ್ ಅನ್ಕೊಂಡಿದೀಯ, ಸಂಜೆ ಬೆಲ್ ಹೊಡೆದ ಮೇಲೆ ಮನೆಗೆ ಹೋಗೋ ಸ್ಕೂಲಾ? ನಾಳೆಯಿಂದ ರಾತ್ರಿ ಇಲ್ಲೇ. ಮೊಟ್ಟೆ ಬಿಡ್ತಿದೀಯಂತೆ, ಅದೂ ತಿನ್ನಬೇಕು. ನಿನ್ನ ಮೈಗೆ ಸೌತ್ ಜೋನ್‌ನಲ್ಲಿ ಡಿಕ್ಕಿ ಹೊಡೆದರೆ ಗ್ಯಾಲರಿಗೆ ಹೋಗಿ ಬೀಳ್ತೀಯ.

ಹುಡುಗರು ನಕ್ಕರು. ಮತೀನ್ ನಗಲಿಲ್ಲ. ಆಮೇಲೆ ಪಕ್ಕ ಕೂತು ಕಂಕಣ ಮುಟ್ಟಿ ನೋಡಿದ. "ಏನೋ ಇದು ಕತೆ?" ಅಂದ. ಹೇಳಿದೆ.

"ನಮ್ದೂ ಅದೇ ಕಣೋ. ನಿಮ್ಗೆ ರಾತ್ರಿ ಊರಲ್ಲಿರ್ಬೇಕು, ನಮ್ಗೆ ಹಗಲು ಹೊಟ್ಟೆ ಖಾಲಿ ಇರ್ಬೇಕು. ಆದ್ರೆ ನಮ್ಮಲ್ಲಿ ಪ್ರಯಾಣದಲ್ಲಿದ್ರೆ ಬಿಡ್ಬೋದು. ಆಮೇಲೆ ಯಾವತ್ತಾದ್ರೂ ಹಿಡಿದು ತೀರಿಸ್ಬೇಕು. ಟೂರ್ನಮೆಂಟಲ್ಲಿ ನಾನು ಹಂಗೇ ಮಾಡೋದು."

ನಮ್ಮಲ್ಲಿ ಆಮೇಲೆ ಅನ್ನುವುದಿಲ್ಲ ಅಂದೆ.

ಮಾರ್ಚ್ 15, ಶನಿವಾರ

ನಿನ್ನೆ ರಾತ್ರಿ ಕ್ಯಾಂಪಿನಲ್ಲೇ ಮಲಗಿದೆ.

ಬಸ್ಸು ತಪ್ಪಿತು ಅಂತ ಬರೆಯಬಹುದಿತ್ತು. ತಪ್ಪಿರಲಿಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಹೋದೆ, ವಾಪಸ್ ಬಂದೆ. ಬೆಳಿಗ್ಗೆ ತಟ್ಟೆಯಲ್ಲಿ ಎರಡು ಬೇಯಿಸಿದ ಮೊಟ್ಟೆ. ತಿಂದೆ. ಒಂದು ತಿಂದ ಮೇಲೆ ಎರಡನೆಯದಕ್ಕೆ ಇನ್ನೇನು ಬಂತು.

ಎರಡು ಸೆಷನ್ನೂ ಪೂರ್ತಿ ಆಡಿದೆ. ಇಂಥ ಆಟ ನಾನು ಯಾವತ್ತೂ ಆಡಿಲ್ಲ. ಸುಳ್ಳಲ್ಲ. ಕೋಚ್ ಹತ್ತಿರ ಕರೆದು ಹೆಗಲ ಮೇಲೆ ಕೈ ಹಾಕಿ "ಅನಂತರಾಜು, ಇಪ್ಪತ್ತನೇ ತಾರೀಕು ಇದೇ ಆಡು, ಸಾಕು" ಅಂದರು. ಹೆಸರು ಗೊತ್ತಿತ್ತು ಅವರಿಗೆ.

ಅಪ್ಪನ ಫೋನು. ರಾತ್ರಿ ಎಲ್ಲಿದ್ದೆ ಅಂದ. "ಲೇಟಾಯ್ತು ಅಪ್ಪ, ನಿಮ್ನ ಎಬ್ಬಿಸ್ಬಾರ್ದು ಅಂತ ತ್ವಾಟದ ಪಂಪ್‌ಸೆಟ್ ಮನೇಲೇ ಮಲಗ್ದೆ. ಬೆಳಗಿನ ಬಸ್ಸಿಗೆ ಬಂದ್ಬುಟ್ಟೆ" ಅಂದೆ. ನಮ್ಮ ತೋಟ ಊರಿನ ಎಲ್ಲೆ ಒಳಗೇ ಬರುತ್ತದೆ. ನಾಲಿಗೆಗೆ ಎಷ್ಟು ಸಲೀಸಾಗಿ ಬಂತು. "ಹೊದಿಯಾಕೆ ಏನ್ ಮಾಡ್ದೆ ಮಗ?" ಅಂದ ಅಪ್ಪ.

ಮಾರ್ಚ್ 17, ಸೋಮವಾರ

ಶನಿವಾರದಿಂದ ರಾತ್ರಿ ಮತ್ತೆ ಊರಲ್ಲೇ. ಹಬ್ಬಕ್ಕೆ ಮೂರು ದಿನ ರಜೆ ಸಿಕ್ಕಿತು. ಕೋಚ್ ಮುಖ ಗಂಟು ಹಾಕಿಕೊಂಡೇ ಕೊಟ್ಟರು.

ಮನೆಗೊಂದು ಹೊರೆ ಸೌದೆ ಹೋಗಿ ಗುಡಿ ಮುಂದೆ ಗುಡ್ಡೆ ಬಿದ್ದಿದೆ. ಸಿದ್ದರಾಜು ನಮ್ಮ ಮನೆ ಸೌದೆಯನ್ನೂ ಹೊತ್ತ. "ಅಣ್ಣ, ಭಯ ಆಯ್ತದಾ?" ಅಂದ. "ಯಾಕೆ ಭಯ, ನೇಮವಾಗಿದೀನಿ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

ಅಂಗಾಲಿನ ಒಡೆದ ಗುಳ್ಳೆ ಇನ್ನೂ ಹಸಿ. ಅಪ್ಪನಿಗೆ ಹೇಳಿಬಿಡೋಣ ಅಂತ ಎರಡು ಸಲ ಜಗುಲಿಗೆ ಹೋದೆ. ಹೇಳಿದರೆ ಕಳಸ ಪಕ್ಕದ ಮನೆಗೆ. ಅಪ್ಪ ಅದನ್ನು ನೋಡಿಕೊಂಡು ಬದುಕುವುದಿಲ್ಲ. ಅವನು ಹಬ್ಬದ ಬಿಳಿ ಪಂಚೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದ. ನನಗಾಗಿ.

ಅಮ್ಮ, ನಾಳೆ ಒಂದು ದಿನ ಕಣ್ಣು ಮುಚ್ಚಿಕೋ.

ಮಾರ್ಚ್ 18, ಮಂಗಳವಾರ

ಸುಟ್ಟಿತು.

ಮಾರ್ಚ್ 19, ಬುಧವಾರ

ನಿನ್ನೆ ಬರೆಯಲಾಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಕೆಂಡ ಹರಡಿದ್ದರು. ತಲೆ ಮೇಲೆ ಕಳಸ, ಒದ್ದೆ ಪಂಚೆ. ತಮಟೆ ಎಷ್ಟು ಜೋರಿತ್ತು ಅಂದರೆ ನನ್ನ ಉಸಿರು ನನಗೆ ಕೇಳಲಿಲ್ಲ. ಮೊದಲ ಹೆಜ್ಜೆ ಏನೂ ಅನ್ನಿಸಲಿಲ್ಲ. ಅಮ್ಮ ಒಪ್ಪಿದಳು ಅಂತಲೇ ತಿಳಿದೆ. ಆಮೇಲೆ ಬಲಗಾಲು ಊರಿದಾಗ ಆ ಹಸಿ ಗಾಯಕ್ಕೆ ಕೆಂಡ ಅಂಟಿಕೊಂಡಿತು. ಅಂಟಿಕೊಂಡೇ ಬಂತು. ಓಡಬಾರದು, ಕಳಸ ಬೀಳಬಾರದು, ಮುಖ ಕಿವುಚಬಾರದು. ಆ ಕಡೆ ದಡ ಮುಟ್ಟಿದೆ. ಜನ ಕಾಲಿಗೆ ಬಿದ್ದರು. ಅದೇ ಕಾಲಿಗೆ.

ಅವ್ವ ಮನೆಗೆ ಬಂದ ಮೇಲೆ ಪಾದ ತೊಳೆಯಲು ಹೋಗಿ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅರಿಶಿನಕ್ಕೆ ಕೊಂಡದ ಬೂದಿ ಕಲಸಿ ಮೆತ್ತಿದಳು. "ಆಸ್ಪತ್ರೆಗೆ ಹೋಗಾನ ಮಗ" ಅಂತ ಒಂದೇ ಸಲ ಅಂದಳು. ಹಬ್ಬದ ದಿನವೇ ಕೊಂಡ ಹಾಯ್ದವನು ಆಸ್ಪತ್ರೆಗೆ ಹೋದ ಅಂದರೆ ಊರಿಗೆ ಡಂಗುರ ಹೊಡೆದ ಹಾಗೆ. ನೇಮ ಕೆಟ್ಟಿದೆ ಅಂತ ಮಕ್ಕಳೂ ಹೇಳುತ್ತವೆ. ಬೇಡ ಅಂದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಎಲ್ಲಿ ತಪ್ಪಿದೆ ಅಂತ ಕೇಳುತ್ತಾನೆ ಅಂತ ಕಾದೆ. ಕೇಳಲಿಲ್ಲ.

ಯಾವುದಕ್ಕೆ ಸುಟ್ಟಿತು? ಶೂಸಿಗಾ, ಮೊಟ್ಟೆಗಾ, ಆ ರಾತ್ರಿಗಾ? ಪಂಪ್‌ಸೆಟ್ ಮನೆ ಸುಳ್ಳಿಗಾ?

ನಾಳೆ ಸೆಲೆಕ್ಷನ್. ಹೋಗುತ್ತೇನೆ.

ಮಾರ್ಚ್ 20, ಗುರುವಾರ

ಎರಡು ಜೊತೆ ಕಾಲುಚೀಲ, ಒಳಗೆ ಹತ್ತಿ. ಮಾತ್ರೆ ನುಂಗಿದೆ. ಮೊದಲ ಐದು ನಿಮಿಷ ಆಡಿದೆ. ಒಂದು ಲೇ-ಅಪ್ ಹಾಕಿದೆ, ನಿಜವಾಗಿಯೂ ಹಾಕಿದೆ. ಆಮೇಲೆ ರೀಬೌಂಡಿಗೆ ನೆಗೆದು ಇಳಿದಾಗ ಕಾಲಡಿ ಏನೋ ಜಾರಿತು. ಶೂಸಿನ ಒಳಗೆ ಒದ್ದೆ. ಮರದ ನೆಲದ ಮೇಲೆ ಗುರುತು ಬಿತ್ತು. ಆಟ ನಿಂತಿತು.

"ಏನಿದು?" ಅಂದರು ಕೋಚ್.

"ಬಿಸಿನೀರು ಬಿತ್ತು ಸಾರ್."

ಮತೀನ್ ನನ್ನನ್ನು ಬೆಂಚಿಗೆ ಕರೆದುಕೊಂಡು ಹೋಗಿ ಕಾಲುಚೀಲ ಬಿಚ್ಚಿದ. ಚರ್ಮವೂ ಅದರ ಜೊತೆಗೇ ಬಂತು. "ನಮ್ಮ ಫಿಲೇಚರಲ್ಲಿ ದಿನಾ ಬಿಸಿನೀರಲ್ಲಿ ಸುಟ್ಕೊಳ್ತಾರೆ ಅನಂತು. ಬಿಸಿನೀರು ಹಿಂಗೆ ಸುಡಲ್ಲ. ಕೊಳೀತಾ ಇದೆ ಇದು, ಆಸ್ಪತ್ರೆಗೆ ನಡಿ ಈಗಲೇ" ಅಂದ. ಅವನ ಪಾಳಿ ಬಂತು ಅಂತ ಸೀಟಿ ಊದಿದರು. ಎರಡು ಸಲ ಊದಿದರು. ಹೋಗೋ ಅಂದೆ. ಹೋದ.

ಕೋಚ್ ಬಯ್ಯಲಿಲ್ಲ. ಹೆಗಲ ಮೇಲೆ ಕೈ ಹಾಕಿ "ಮುಂದಿನ ವರ್ಷ ನೋಡೋಣ" ಅಂದರು. ಮುಂದಿನ ವರ್ಷ ನಾನು ಯಾವ ಕಾಲೇಜಿನಲ್ಲೂ ಇರುವುದಿಲ್ಲ ಅಂತ ಅವರಿಗೆ ಮರೆತುಹೋಗಿರಬೇಕು.

ಆಸ್ಪತ್ರೆಗೆ ಹೋಗಲಿಲ್ಲ. ಊರಿಗೆ ಬಂದೆ. ಬುದ್ಧಿ ಇಲ್ಲ ಅಂತ ಬರೆದುಕೊಳ್ಳಲಿಕ್ಕೆ ಇಷ್ಟು ಪುಟ ಬೇಕಾಯಿತು.

ಏಪ್ರಿಲ್ 9, ಬುಧವಾರ

ಆಸ್ಪತ್ರೆ, ಬೆಂಗಳೂರು. ಜ್ವರದಲ್ಲಿ ಎಚ್ಚರ ತಪ್ಪಿದ ಮೇಲೆ ತಂದರಂತೆ. ಆಂಬುಲೆನ್ಸು ಗುಡಿ ಮುಂದೆಯೇ ತಿರುಗಿಸಿಕೊಂಡು ಬಂತಂತೆ. ಇನ್ನು ಊರಿಗೆ ಗೊತ್ತಾಗಲು ಏನು ಉಳಿದಿದೆ.

ತೊಡೆಯ ಚರ್ಮ ತೆಗೆದು ಅಂಗಾಲಿಗೆ ಹಾಕಿದ್ದಾರೆ. ಇವತ್ತು ಡಾಕ್ಟರನ್ನು ಕೇಳಿದೆ. ಸಣ್ಣ ವಯಸ್ಸಿನವರು, ಮುಖ ನೋಡಿಕೊಂಡೇ ಹೇಳಿದರು. ನಡೆಯಬಹುದು. ಹೆಬ್ಬೆರಳು ಮಡಚುವುದಿಲ್ಲ. ಓಡುವುದು, ನೆಗೆಯುವುದು ಇನ್ನು ಬೇಡ. ಸುಟ್ಟ ದಿನವೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಆ ಬೂದಿ ಯಾಕೆ ಹಾಕಿದಿರಿ ಅಂದರು. ಅವ್ವ ಗೋಡೆ ಕಡೆ ತಿರುಗಿದಳು.

ನೆಗೆಯುವುದು ಅಂದರೆ ಹೆಬ್ಬೆರಳಿನಿಂದ ಅಂತ ನನಗೆ ಗೊತ್ತೇ ಇರಲಿಲ್ಲ.

ಏಪ್ರಿಲ್ 27, ಭಾನುವಾರ

ಮತೀನ್ ಊರಿಗೇ ಬಂದಿದ್ದ. ರಂಜಾನ್ ಹಬ್ಬಕ್ಕೆ ಕೊಡಲಾಗಲಿಲ್ಲ ಅಂತ ಅವರಮ್ಮ ಶಾವಿಗೆ ಪಾಯಸ ಕಟ್ಟಿ ಕಳಿಸಿದ್ದರು. ಟೀಮು ಎರಡನೇ ಮ್ಯಾಚಿಗೇ ಸೋತಿತು. ಆದರೂ ಸರ್ಟಿಫಿಕೇಟು ಸಿಕ್ಕಿದೆ, ಟ್ರಯಲ್ಸಿಗೆ ಹಾಕಿದ್ದಾನೆ. ಫೋಟೋ ತೋರಿಸಿದ. ನೀಲಿ ಬನಿಯನ್. ಹನ್ನೆರಡು ಜನ. ಚೆನ್ನಾಗಿದೆ ಅಂದೆ. ಅವನು ಹೋದ ಮೇಲೆ ಅತ್ತೆ.

ಬಿಟ್ಟ ರೋಜಾಗಳನ್ನು ಈಗ ಹಿಡಿದು ತೀರಿಸುತ್ತಿದ್ದಾನಂತೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ.

ಮೇ 6, ಮಂಗಳವಾರ

ಗುಡಿಯಲ್ಲಿ ಪಂಚಾಯ್ತಿ ಸೇರಿ ತೀರ್ಮಾನ ಮಾಡಿದರು. ಬೋರಲಿಂಗಯ್ಯನ ಮನೆ ನೇಮ ಕೆಟ್ಟಿದೆ. ಇನ್ನು ಮುಂದೆ ಕಳಸ ಪುಟ್ಟಬೋರಯ್ಯನ ಮನೆಗೆ. ಅಪ್ಪ ಹೋಗಿ ತಲೆ ತಗ್ಗಿಸಿ ನಿಂತು ಬಂದ. ಪುಟ್ಟಬೋರಯ್ಯನೇ ಬಂದು ಕಳಸ ತೆಗೆದುಕೊಂಡು ಹೋದ. ಬೀಗಲಿಲ್ಲ. ಹೊಸ್ತಿಲು ದಾಟುವಾಗ "ತಪ್ಪು ತಿಳ್ಕಬ್ಯಾಡ ಅಣ್ಣ" ಅಂದ. ಬೀಗಿದ್ದರೆ ಚೆನ್ನಾಗಿತ್ತು.

ಕಾಲೂ ಹೋಯಿತು, ಕಳಸವೂ ಹೋಯಿತು. ಒಂದನ್ನು ಉಳಿಸಲು ಹೋಗಿ ಎರಡನ್ನೂ ಕಳೆದೆ.

ಮೇ 22, ಗುರುವಾರ

ಹಿತ್ತಲಲ್ಲಿ ನಾನೂ ಅಪ್ಪನೂ ಕಾಲು ತೊಳೆಯುತ್ತಾ ಕೂತಿದ್ದೆವು. ಅವನದು ಎಡ, ನನ್ನದು ಬಲ. ಒಂದೇ ಬೋಗುಣಿ ಉಗುರುಬೆಚ್ಚಗಿನ ನೀರು. ಅವ್ವ ಬಟ್ಟೆ ತರಲು ಒಳಗೆ ಹೋದಳು.

ಅಪ್ಪ ನೀರು ನೋಡುತ್ತಾ "ನಂಗೂ ಸುಟ್ಟಿತ್ತು ಕಣ್ಲಾ" ಅಂದ.

"ಯಾವಾಗ?"

"ಎಲ್ಲಾ ಸಲವೂ. ಒಂದ್ ವರ್ಷ ಒಸಿ ಹೆಚ್ಗೆ, ಒಂದ್ ವರ್ಷ ಒಸಿ ಕಮ್ಮಿ."

ಅವನೇ ಹೇಳಿದ. "ಮೊದಲ್ನೇ ವರ್ಷ ಕಂಕಣ ಕಟ್ಟಿದ್ ಮ್ಯಾಲೆ ಮರೇಲಿ ಒಂದ್ ಬೀಡಿ ಸೇದ್ಬುಟ್ಟಿದ್ದೆ. ಅದಕ್ಕೇ ಸುಡ್ತು ಅನ್ಕಂಡೆ. ಮುಂದಿನ್ ವರ್ಷ ಬೀಡಿ ಮುಟ್ಲಿಲ್ಲ, ಆಗ್ಲೂ ಸುಡ್ತು. ನಿಮ್ಮವ್ವನ್ ಮ್ಯಾಲೆ ಕೈ ಎತ್ತಿದ್ದೆ, ಅದಕ್ಕೇ ಇರ್ಬೇಕು ಅನ್ಕಂಡೆ. ಹುಡುಕಿದ್ರೆ ವರ್ಷಕ್ಕೊಂದು ತಪ್ಪು ಸಿಕ್ತಿತ್ತು. ಮನುಷ ಅಂದ್ ಮ್ಯಾಲೆ ಸಿಕ್ಕೇ ಸಿಕ್ತದೆ."

"ಈ ಕಾಲು?"

"ಮುಳ್ಳಲ್ಲ ಕಣ್ಲಾ. ಹೋದ್ ವರ್ಷದ ಕೊಂಡ. ಶುಗರ್‌ಗೆ ಕಾಲು ಮರಗಟ್ಟಿತ್ತಲ್ಲ, ಉರೀನೇ ಗೊತ್ತಾಗ್ಲಿಲ್ಲ. ಈ ಸಲ ಒಂದೂ ತಪ್ಪು ಮಾಡಿಲ್ಲ ನಾನು, ಅಮ್ಮ ಒಪ್ಪುದ್ಲು ಅಂತ ಖುಷಿ ಪಟ್ಟೆ. ಮನೆಗ್ ಬಂದು ನೋಡ್ತೀನಿ, ರಕ್ತ."

ತಾತನಿಗೆ ಸುಟ್ಟಿತ್ತಾ ಅಂತ ಕೇಳಿದೆ. ಆವಯ್ಯ ಹೇಳಲಿಲ್ಲ, ನಾನು ಕೇಳಲಿಲ್ಲ ಅಂದ.

ಆಮೇಲೆ ಕೇಳಬಾರದ್ದು ಕೇಳಿದೆ. "ಸುಡ್ತದೆ ಅಂತ ಗೊತ್ತಿದ್ದೂ ನನ್ನ ಯಾಕೆ ಕಳಿಸ್ದೆ ಅಪ್ಪ?"

"ನೀನು ನನ್ನಂಗಲ್ಲ ಅನ್ಕಂಡೆ" ಅಂದ. "ನಿನ್ನಲ್ಲಿ ಏನೂ ತಪ್ಪಿರ್ಲಿಲ್ವಲ್ಲ ಮಗ. ನಿಂಗೆ ಸುಡಾಕಿಲ್ಲ ಅನ್ಕಂಡೆ."

ಅವ್ವ ಬಟ್ಟೆ ತಂದಳು. ಇಬ್ಬರ ಕಾಲನ್ನೂ ಒರೆಸಿದಳು. ಮೊಟ್ಟೆಯ ವಿಷಯ, ಆ ರಾತ್ರಿಯ ವಿಷಯ ಆಗಲೂ ನಾನು ಹೇಳಲಿಲ್ಲ. ಹೇಳಿದ್ದರೆ ಅಪ್ಪನಿಗೆ ನೆಮ್ಮದಿಯಾಗುತ್ತಿತ್ತೋ ಏನೋ.

ಜೂನ್ 16, ಸೋಮವಾರ

ಹಾರೋಹಳ್ಳಿ. ಪ್ಯಾಕಿಂಗ್. ನಿಂತು ಮಾಡುವ ಕೆಲಸ ಕೊಡಲಿಲ್ಲ, ಸ್ಟೂಲು ಕೊಟ್ಟಿದ್ದಾರೆ. ಡಬ್ಬ ಬರುತ್ತದೆ, ಟೇಪು ಹಾಕುತ್ತೇನೆ. ಟೇಪಿನ ಉಂಡೆ ಖಾಲಿಯಾದರೆ ದೂರದ ಬುಟ್ಟಿಗೆ ಎಸೆಯುತ್ತೇನೆ. ತಪ್ಪುವುದಿಲ್ಲ. ಮೊಣಕೈ ನೆಟ್ಟಗಿದೆ ಸಾರ್.

ಫೆಬ್ರವರಿ 24, ಮಂಗಳವಾರ

ಎಷ್ಟೋ ತಿಂಗಳಾಯಿತು ಬರೆದು. ಹೋದ ವರ್ಷ ಇದೇ ತಾರೀಕು ಲಿಸ್ಟ್ ಬಂದಿತ್ತು.

ಇವತ್ತು ತಮಟೆ ಬಂತು. ಸಾರಿದರು. ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದಕ್ಕೆ ಹೋದರು.

ಮತೀನ್‌ಗೆ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸವಾಗಿದೆ. ಯೂನಿಫಾರ್ಮಿನ ಫೋಟೋ ಕಳಿಸಿದ್ದ. ಉತ್ತರ ಬರೆಯಬೇಕು.

ಸಂಜೆ ಸಿದ್ದರಾಜು ಬಂದ. ಓಡಿಕೊಂಡೇ ಬಂದಿದ್ದ, ಮೈಯೆಲ್ಲ ಬೆವರು. ಈ ಸಲ ಕಳಸ ಹೊತ್ತು ಕೊಂಡ ಹಾಯುವವನು ಅವನೇ. ಪೊಲೀಸ್ ಫಿಸಿಕಲ್ಲು ಹಬ್ಬ ಆಗಿ ನಾಲ್ಕು ದಿನಕ್ಕೆ. ಓಟದಲ್ಲಿ ಪಾಸಾಗುವುದು ಖಂಡಿತ, ಊರಿಗೆಲ್ಲ ಗೊತ್ತು. ಜಗುಲಿ ಮೇಲೆ ಅಪ್ಪ ಗೋಡೆಗೆ ಒರಗಿದ್ದ. ಸಿದ್ದರಾಜು ನನ್ನ ಪಕ್ಕ ಕೆಳಗೆ ಕೂತು, ನನ್ನ ಕಾಲನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಅಣ್ಣ, ದಿಟ ಹೇಳು. ನೇಮವಾಗಿದ್ರೂ ಸುಡ್ತದಾ?"

ಸುಡುತ್ತದೆ ಕಣೋ ಅಂತ ಬಾಯಿ ತುದಿಗೆ ಬಂದಿತ್ತು. ಸುಡುತ್ತದೆ ಅಂದರೆ ನನ್ನ ಕಾಲು ಸುಮ್ಮಸುಮ್ಮನೆ ಹೋಯಿತು ಅಂತಾಯಿತು. ಆ ಎರಡು ಮೊಟ್ಟೆಗೆ, ಆ ಒಂದು ರಾತ್ರಿಗೆ ಹೋಯಿತು ಅಂದರೆ ಅದಕ್ಕೊಂದು ಲೆಕ್ಕ ಇದೆ. ನನ್ನ ತಪ್ಪು, ನನ್ನ ಶಿಕ್ಷೆ. ಸುಮ್ಮನೆ ಹೋಯಿತು ಅನ್ನುವುದನ್ನು ಇಟ್ಟುಕೊಂಡು ನಾನು ಹೇಗೆ ಬದುಕಲಿ.

"ಇಲ್ಲ ಕಣ್ಲಾ" ಅಂದೆ. "ನಾನು ನೇಮ ತಪ್ಪಿದ್ದೆ. ಮೊಟ್ಟೆ ತಿಂದಿದ್ದೆ, ಕ್ಯಾಂಪಲ್ಲಿ ಮಲಗಿದ್ದೆ. ಅದಕ್ಕೇ ಸುಡ್ತು. ನೀನು ಸುದ್ದವಾಗಿರು, ಏನೂ ಆಗಲ್ಲ."

ಅವನ ಮುಖ ಬೆಳಗಿತು. ಎದ್ದು ನನ್ನ ಕೈ ಹಿಡಿದುಕೊಂಡ. ಆಮೇಲೆ ರೋಡಿಗೆ ಇಳಿದು ಮತ್ತೆ ಓಡತೊಡಗಿದ. ಎಷ್ಟು ಹಗುರಾಗಿ ಓಡುತ್ತಾನೆ.

ಅಪ್ಪ ಎಲ್ಲಾ ಕೇಳಿಸಿಕೊಂಡಿದ್ದ. ಮೊಟ್ಟೆಯನ್ನೂ, ರಾತ್ರಿಯನ್ನೂ. ಬಯ್ಯುತ್ತಾನೆ ಅಂತ ಕಾದೆ. ಅವನು ಉಸಿರು ಬಿಟ್ಟು "ಅದಕ್ಕೇ ಅನ್ನು" ಅಂದ. ಒಂದು ವರ್ಷದಲ್ಲಿ ಮೊದಲ ಸಲ ಅವನ ಮುಖ ಸಡಿಲವಾಗಿತ್ತು.

ಊಟ ಸೇರಲಿಲ್ಲ. ಕೊಂಡ ಮಾರ್ಚ್ ಹತ್ತಕ್ಕೆ. ಇನ್ನೂ ಸಮಯ ಇದೆ. ನಾಳೆ ಬೆಳಿಗ್ಗೆ ಅವನು ಓಟ ಮುಗಿಸಿ ಬರುವಾಗ ಸೇತುವೆ ಹತ್ತಿರ ನಿಲ್ಲಿಸಿಕೊಂಡು ಅವನಿಗೆ ದಿಟ ಹೇಳಬೇಕು.